‘ಜೀವ ಉಳೀತಲ್ಲ, ಸಾಕು’ ಎನ್ನುವವರಿಗೆ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ನಮ್ಮವರು ಹೇಳುವ ಮಾತು ಬೀದರ್‌ನಿಂದ ಚಾಮರಾಜನಗರದವರೆಗೂ ಒಂದೇ: ‘ಜೀವ ಉಳೀತಲ್ಲ, ಅಷ್ಟು ಸಾಕು. ಇನ್ನು ಕೆಲಸ ಗಿಲಸ ಅಂತ ಒದ್ದಾಡಬೇಡಿ, ಆರಾಮಾಗಿ ಮನೇಲಿರಿ.’ ನೆಂಟರು ಹೇಳುತ್ತಾರೆ, ನೆರೆಯವರು ಹೇಳುತ್ತಾರೆ, ಎಷ್ಟೋ ಸಲ ಡಾಕ್ಟರೂ ಹೇಳುತ್ತಾರೆ. ಕಚೇರಿಯ ಮ್ಯಾನೇಜರು ಅದನ್ನೇ ಇನ್ನಷ್ಟು ಮೆತ್ತಗೆ ಹೇಳುತ್ತಾರೆ: ‘ಮೊದಲು ಆರೋಗ್ಯ ನೋಡ್ಕೊಳ್ಳಿ, ಕೆಲಸ ಯಾವಾಗ ಬೇಕಾದರೂ ಸಿಗುತ್ತೆ.’ ಕೇಳಲು ಹಿತವಾದ ಈ ಮಾತಿನೊಂದಿಗೆ ಒಬ್ಬರ ಸಂಬಳ, ವಿಮೆ, ಭವಿಷ್ಯನಿಧಿ, ಬಡ್ತಿ, ಬೆಳಿಗ್ಗೆ ಎದ್ದು ಹೊರಡಲು ಇದ್ದ ಕಾರಣ ಎಲ್ಲವೂ ಹೋಗಿಬಿಡುತ್ತವೆ. ಕಿತ್ತುಕೊಂಡವರಿಗೆ ತಾವು ಕಿತ್ತುಕೊಂಡೆವೆಂಬ ಅರಿವೂ ಇರುವುದಿಲ್ಲ; ಉಪಕಾರ ಮಾಡಿದೆವೆಂದೇ ನಂಬಿರುತ್ತಾರೆ. ಆ ನಂಬಿಕೆ ತಪ್ಪು. ತಪ್ಪಷ್ಟೇ ಅಲ್ಲ, ಅದು ಜನರ ಆರೋಗ್ಯವನ್ನೂ ಬದುಕನ್ನೂ ಹಾಳು ಮಾಡುತ್ತಿದೆ.

ಇದು ಎಲ್ಲೋ ನಾಲ್ಕಾರು ಜನರ ಕಷ್ಟವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿನಂತೆ 2022ರ ಒಂದೇ ವರ್ಷ ದೇಶದಲ್ಲಿ ಹೊಸದಾಗಿ 14.6 ಲಕ್ಷ ಮಂದಿಗೆ ಕ್ಯಾನ್ಸರ್ ಬಂತು. ಹಿಂದಿನ ಐದು ವರ್ಷಗಳಲ್ಲಿ ರೋಗ ಪತ್ತೆಯಾಗಿ, ಬದುಕಿರುವ ಭಾರತೀಯರು 32 ಲಕ್ಷಕ್ಕೂ ಹೆಚ್ಚೆಂದು ಅಂತಾರಾಷ್ಟ್ರೀಯ ಲೆಕ್ಕ ಹೇಳುತ್ತದೆ. ಇವರೆಲ್ಲ ದುಡಿಮೆ ಮುಗಿಸಿ ಮೂಲೆಯಲ್ಲಿ ಕೂತವರಲ್ಲ. ಸ್ತನ ಕ್ಯಾನ್ಸರ್ ನಮ್ಮ ಹೆಂಗಸರಿಗೆ ಪಶ್ಚಿಮದ ದೇಶಗಳವರಿಗಿಂತ ಸುಮಾರು ಹತ್ತು ವರ್ಷ ಮೊದಲೇ, ಮಕ್ಕಳಿನ್ನೂ ಓದುತ್ತಿರುವ ವಯಸ್ಸಿನಲ್ಲಿ ಬರುತ್ತದೆ. ತಂಬಾಕು, ಅಡಿಕೆಯಿಂದ ಬರುವ ಬಾಯಿ ಕ್ಯಾನ್ಸರ್ ಮನೆಗೆ ಆಧಾರವಾಗಿದ್ದ ಗಂಡಸರನ್ನು ನಡುವಯಸ್ಸಿನಲ್ಲೇ ಹಿಡಿಯುತ್ತದೆ. ಹೀಗಿರುವಾಗ ‘ಇನ್ನು ಆರಾಮಾಗಿರಿ’ ಎಂದರೆ ಮುಂದಿನ ಇಪ್ಪತ್ತು, ಮೂವತ್ತು ವರ್ಷ ಅವರು ಏನು ಉಣ್ಣಬೇಕು?

ದೇಶದ ಕ್ಯಾನ್ಸರ್ ನೋಂದಣಿ ಶುರುವಾಗಿ ನಾಲ್ಕು ದಶಕ ದಾಟಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮೊದಲ ದಿನಗಳಿಂದಲೂ ಅದರಲ್ಲಿ ಸೇರಿದೆ. ಯಾವ ಅಂಗಕ್ಕೆ, ಯಾವ ವಯಸ್ಸಿಗೆ, ಯಾವ ಊರಲ್ಲಿ, ಎಷ್ಟು ಸಾವು ಎಂಬುದನ್ನೆಲ್ಲ ಆ ವರದಿಗಳು ಶ್ರದ್ಧೆಯಿಂದ ಹೇಳುತ್ತವೆ. ಚಿಕಿತ್ಸೆ ಮುಗಿಸಿದವರಲ್ಲಿ ಎಷ್ಟು ಮಂದಿ ಕೆಲಸಕ್ಕೆ ಮರಳಿದರು, ಎಷ್ಟು ಮಂದಿಯನ್ನು ಮನೆಗೆ ಕಳಿಸಲಾಯಿತು ಎಂಬುದು ಮಾತ್ರ ಅವುಗಳ ವಿಷಯವಲ್ಲ. ಬದುಕಿದವರ ಬದುಕನ್ನು ಎಣಿಸುವ ಅಗತ್ಯವೇ ನಮಗೆ ಕಂಡಿಲ್ಲ.

ಎಣಿಸಿದ ಕಡೆ ಕಂಡದ್ದೇನು? ಅಮೆರಿಕ, ಯುರೋಪು ಮುಂತಾದೆಡೆ ನಡೆದ 36 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧನೆಯೊಂದು 2009ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್‌ನಿಂದ ಪಾರಾದವರಲ್ಲಿ ಶೇ 33.8ರಷ್ಟು ಮಂದಿಗೆ ಕೆಲಸವಿರಲಿಲ್ಲ. ಆ ಕಾಯಿಲೆ ಬಾರದವರಲ್ಲಿ ಈ ಪ್ರಮಾಣ ಶೇ 15.2. ಕಾಯಿಲೆಗೆ ಸಂಬಳದ ರಜೆ, ನಿರುದ್ಯೋಗ ಭತ್ಯೆ, ತಾರತಮ್ಯ ತಡೆವ ಕಾನೂನುಗಳು ಹಲವೆಡೆ ಇದ್ದೂ ಅಲ್ಲಿ ಈ ಗತಿ. ಇವ್ಯಾವುವೂ ಗಟ್ಟಿಯಾಗಿಲ್ಲದ ನಮ್ಮಲ್ಲಿ ಸ್ಥಿತಿ ಅದಕ್ಕಿಂತ ಮೇಲಿದೆಯೆಂದು ನಂಬಲು ಯಾರ ಬಳಿಯಾದರೂ ಒಂದು ಕಾರಣವಿದೆಯೇ?

ಹಿತೈಷಿಗಳ ಮೊದಲ ವಾದ: ‘ವಿಶ್ರಾಂತಿಯೇ ಮದ್ದು.’ ಇದಕ್ಕೆ ವೈದ್ಯವಿಜ್ಞಾನದ ಬೆಂಬಲವಿದೆಯೆಂದೇ ಎಲ್ಲರೂ ತಿಳಿದಿದ್ದಾರೆ. ಇಲ್ಲ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮತ್ತು ಕೀಮೊ ಮುಗಿಸಿದ 889 ಮಂದಿಯ ಮೇಲೆ ಹಲವು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2025ರಲ್ಲಿ ಬಂತು. ಒಂದು ಗುಂಪಿಗೆ ಆರೋಗ್ಯ ಸಲಹೆಯ ಪುಸ್ತಿಕೆ ಕೊಟ್ಟರು. ಇನ್ನೊಂದು ಗುಂಪಿಗೆ ಮೂರು ವರ್ಷ ಮಾರ್ಗದರ್ಶಕರ ನೆರವಿನಿಂದ ವ್ಯಾಯಾಮ ಮಾಡಿಸಿದರು. ಎಂಟು ವರ್ಷಗಳ ನಂತರ ವ್ಯಾಯಾಮದ ಗುಂಪಿನಲ್ಲಿ ಬದುಕಿದ್ದವರು ಶೇ 90, ಪುಸ್ತಿಕೆಯ ಗುಂಪಿನಲ್ಲಿ ಶೇ 83. ಮೈ ಆಡಿಸಿದ್ದರಿಂದಲೇ ಜೀವಗಳು ಉಳಿದವು. ಕಚೇರಿ ಕೆಲಸವೇನೂ ವ್ಯಾಯಾಮವಲ್ಲ, ನಿಜ. ಆದರೆ ಚಿಕಿತ್ಸೆ ಮುಗಿದವರನ್ನು ಮಂಚಕ್ಕೆ ಕಟ್ಟಿಹಾಕುವ ಬುದ್ಧಿವಾದಕ್ಕೆ ಇದ್ದ ವೈದ್ಯಕೀಯ ಆಧಾರ ಕುಸಿದಿದೆ. ಎದ್ದು, ಸ್ನಾನ ಮಾಡಿ, ಬಸ್ ಹಿಡಿದು, ನಾಲ್ಕು ಜನರ ನಡುವೆ ಕೂತು, ತಿಂಗಳ ಕೊನೆಗೆ ತನ್ನದೇ ದುಡ್ಡು ಎಣಿಸುವವರ ಮನಸ್ಸಿಗೂ, ಇಡೀ ದಿನ ಗೋಡೆ ನೋಡುತ್ತ ‘ಮತ್ತೆ ಬಂದೀತೇ’ ಎಂದು ನಡುಗುವವರ ಮನಸ್ಸಿಗೂ ಇರುವ ವ್ಯತ್ಯಾಸ ತಿಳಿಯಲು ಪ್ರಯೋಗವೂ ಬೇಕಿಲ್ಲ.

ಹೆಂಗಸರ ವಿಷಯದಲ್ಲಂತೂ ಈ ಬುದ್ಧಿವಾದ ಇನ್ನಷ್ಟು ಸಲೀಸು. ‘ಗಂಡ ದುಡೀತಾನಲ್ಲ, ನಿನಗ್ಯಾಕೆ?’ ಹಾಗೆ ಮನೆಯಲ್ಲುಳಿದವಳಿಗೆ ಸಿಗುವುದು ವಿಶ್ರಾಂತಿಯೂ ಅಲ್ಲ. ಅಡುಗೆ, ನೀರು, ಬಟ್ಟೆ, ಅತ್ತೆಯ ಔಷಧಿ, ಮಕ್ಕಳ ಹೋಮ್‌ವರ್ಕ್ ಎಲ್ಲವೂ ಅವಳ ಪಾಲಿಗೇ. ನಿಂತದ್ದು ಸಂಬಳದ ಕೆಲಸ ಮಾತ್ರ. ಹಾಗಾದರೆ ಬುದ್ಧಿವಾದ ಹೇಳಿದವರು ಉಳಿಸಿದ್ದು ಯಾರ ಆರೋಗ್ಯವನ್ನು?

ಎರಡನೆಯ ಭ್ರಮೆ, ಚಿಕಿತ್ಸೆ ಮುಗಿಯಿತೆಂದರೆ ಎಲ್ಲ ಮುಗಿಯಿತು ಎಂಬುದು. ಆಪರೇಷನ್ನು, ಕೀಮೊ, ಹಳ್ಳಿಯವರು ‘ಕರೆಂಟು ಕೊಡಿಸೋದು’ ಎನ್ನುವ ರೇಡಿಯೇಶನ್ನು ಮುಗಿದ ದಿನ ಕೆಲವು ಆಸ್ಪತ್ರೆಗಳಲ್ಲಿ ಗಂಟೆ ಬಾರಿಸಿ ಚಪ್ಪಾಳೆ ತಟ್ಟುತ್ತಾರೆ. ಆ ಸಂಭ್ರಮ ಅವರ ಹಕ್ಕು. ಆದರೆ ಮರುದಿನದಿಂದ ಏನು ಕಾದಿದೆ ಎಂದು ಅವರ ಕೈಗೆ ಒಂದು ಹಾಳೆಯಲ್ಲಿ ಬರೆದುಕೊಡುವ ಆಸ್ಪತ್ರೆಗಳು ಎಷ್ಟಿವೆ? ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೊ ಔಷಧಿ ವರ್ಷಗಳ ನಂತರವೂ ಹೃದಯವನ್ನು ದುರ್ಬಲಗೊಳಿಸಬಲ್ಲದು. ಆಕ್ಸಾಲಿಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಪಡೆದ ಹಲವರಿಗೆ ಬೆರಳ ತುದಿ, ಅಂಗಾಲು ಜೋಮು ಹಿಡಿದಂತಾಗಿ ಸ್ಪರ್ಶವೇ ಕುಂದುತ್ತದೆ. ಸಿಸ್‌ಪ್ಲಾಟಿನ್ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತದೆ. ಬಾಯಿ, ಕುತ್ತಿಗೆಗೆ ರೇಡಿಯೇಶನ್ ಆದವರ ಜೊಲ್ಲು ಬತ್ತುತ್ತದೆ, ದವಡೆ ಬಿಗಿಯುತ್ತದೆ, ಥೈರಾಯ್ಡ್ ನಿಧಾನವಾಗುತ್ತದೆ. ನಿದ್ದೆ ಮಾಡಿದರೂ ಹೋಗದ ಸುಸ್ತು, ಹೆಸರು ಅಂಕಿ ಥಟ್ಟನೆ ನೆನಪಾಗದ ಮಬ್ಬು, ಇವು ಎಷ್ಟೋ ಜನರನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ಕಾಡುತ್ತವೆ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಮಾತ್ರೆಗಳನ್ನು ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು.

ಇದನ್ನೆಲ್ಲ ಕೆಲಸದ ಜಾಗಕ್ಕೆ ತಂದು ನೋಡಿ. ಬೆರಳು ಮರಗಟ್ಟಿದ ಟೈಲರ್ ಸೂಜಿಗೆ ದಾರ ಹೇಗೆ ಪೋಣಿಸಬೇಕು? ಪಾದದಡಿಯ ಸ್ಪರ್ಶ ತಿಳಿಯದ ಚಾಲಕ ಬ್ರೇಕನ್ನು ಎಷ್ಟು ಒತ್ತಿದೆನೆಂದು ಹೇಗೆ ಅರಿಯಬೇಕು? ಬಾಯಿ ಒಣಗುವ ಮೇಷ್ಟರು ದಿನಕ್ಕೆ ಐದು ಪೀರಿಯಡ್ ಹೇಗೆ ಪಾಠ ಮಾಡಬೇಕು? ಈ ಪ್ರಶ್ನೆಗಳು ಬಂದೊಡನೆ ನಮ್ಮ ಸಂಸ್ಥೆಗಳು ಕೊಡುವ ಉತ್ತರ ಒಂದೇ: ‘ಕೆಲಸಕ್ಕೆ ಅನ್‌ಫಿಟ್.’ ಚಾಲಕನನ್ನು ಡಿಪೊದೊಳಗಿನ ಕೆಲಸಕ್ಕೆ ಹಾಕಬಹುದು, ಮೇಷ್ಟರಿಗೆ ಒಂದು ಮೈಕು, ಎರಡು ಪೀರಿಯಡ್ ನಡುವೆ ಬಿಡುವು ಕೊಡಬಹುದು ಎಂಬ ಯೋಚನೆಯೇ ಬರುವುದಿಲ್ಲ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ರಾಮನಗರದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗಂಟುಗಳನ್ನು ತೆಗೆದರೆ ಆ ಬದಿಯ ತೋಳು ಬಾತುಕೊಳ್ಳುವ ಅಪಾಯ ಬದುಕಿನುದ್ದಕ್ಕೂ ಇರುತ್ತದೆ. ಭಾರ ಎತ್ತಬಾರದು, ಬಿಸಿ ತಾಗಬಾರದು, ಗಾಯವಾಗಬಾರದು, ಒಂದೇ ಚಲನೆಯನ್ನು ಬಿಡುವಿಲ್ಲದೆ ಮಾಡಬಾರದು ಎನ್ನುತ್ತಾರೆ ಡಾಕ್ಟರು. ಗಾರ್ಮೆಂಟ್ಸ್ ಲೈನಿನಲ್ಲಿ ಇರುವುದೇ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟು, ಸೂಜಿ, ಇಸ್ತ್ರಿಯ ಹಬೆ. ಬಾತ ತೋಳಿನಲ್ಲಿ ಟಾರ್ಗೆಟ್ ಮುಟ್ಟದವಳು ಸೂಪರ್‌ವೈಸರ್‌ನಿಂದ ಬೈಸಿಕೊಳ್ಳುತ್ತಾಳೆ, ಒಂದು ದಿನ ತಾನೇ ರಾಜೀನಾಮೆ ಬರೆದುಕೊಡುತ್ತಾಳೆ. ಕಾಗದದಲ್ಲಿ ಅದು ‘ಸ್ವಇಚ್ಛೆಯ ರಾಜೀನಾಮೆ’. ಅವಳನ್ನು ಮೆಷಿನ್ನಿನಿಂದ ಚೆಕ್ಕಿಂಗ್ ಟೇಬಲ್ಲಿಗೆ ಬದಲಿಸಲು, ಎರಡು ಗಂಟೆಗೊಮ್ಮೆ ಹತ್ತು ನಿಮಿಷ ತೋಳು ಮೇಲಿಟ್ಟು ಕೂರಲು ಬಿಡಲು ಕಂಪನಿಗೆ ಆಗುತ್ತಿದ್ದ ನಷ್ಟವೆಷ್ಟು? ವರ್ಷಗಟ್ಟಲೆ ಪಳಗಿದ ಕೈಯನ್ನು ಕಳೆದುಕೊಂಡು ಹೊಸಬರಿಗೆ ಕೆಲಸ ಕಲಿಸುವ ಖರ್ಚು ಅದಕ್ಕಿಂತ ಕಡಿಮೆಯೇ?

ಇಎಸ್‌ಐ ಇದೆಯಲ್ಲ ಎನ್ನಬಹುದು. ಇದೆ, ಮತ್ತು ಅದು ನಮ್ಮಲ್ಲಿರುವ ಒಳ್ಳೆಯ ವ್ಯವಸ್ಥೆಗಳಲ್ಲೊಂದು. ತಿಂಗಳಿಗೆ 21,000 ರೂಪಾಯಿವರೆಗೆ ವೇತನವಿರುವ ಕಾರ್ಮಿಕರಿಗೆ ಕ್ಯಾನ್ಸರ್ ಬಂದರೆ, ಚಂದಾ ಷರತ್ತುಗಳು ಪೂರೈಸಿದ್ದರೆ, ವೇತನದ ಶೇ 80ರಷ್ಟು ಭತ್ಯೆ ಗರಿಷ್ಠ ಎರಡು ವರ್ಷ ಸಿಗುತ್ತದೆ. ಆದರೆ ಮಾತ್ರೆ ಹತ್ತು ವರ್ಷ, ತೋಳಿನ ಬಾವು ಜೀವನಪೂರ್ತಿ, ರಕ್ಷಣೆ ಎರಡೇ ವರ್ಷ. ಹೊಂದಿಕೊಂಡು ಕೆಲಸಕ್ಕೆ ಮರಳುವ ದಾರಿ ಯಾವುದು ಎಂಬ ಪ್ರಶ್ನೆಗೆ ಭತ್ಯೆ ಉತ್ತರವಲ್ಲ. 21,000ಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ವೇತನವಿರುವ ಹುದ್ದೆಗೆ ಸೇರಿದವರಿಗೆ ಆ ಎರಡು ವರ್ಷವೂ ಇಲ್ಲ.

ಮೂರನೆಯದು ವೀರಗಾಥೆಗಳ ಚಟ. ಯುವರಾಜ್ ಸಿಂಗ್ 2012ರಲ್ಲಿ ಅಮೆರಿಕದಲ್ಲಿ ಕೀಮೊ ಮುಗಿಸಿ ಅದೇ ಸೆಪ್ಟೆಂಬರ್‌ನಲ್ಲಿ ಚೆನ್ನೈನಲ್ಲಿ ಭಾರತದ ಪರ ಬ್ಯಾಟ್ ಹಿಡಿದರು. ಶಿವರಾಜ್‌ಕುಮಾರ್ ಅವರಿಗೆ 2024ರ ಡಿಸೆಂಬರ್‌ನಲ್ಲಿ ಮಯಾಮಿಯಲ್ಲಿ ಮೂತ್ರಕೋಶದ ಶಸ್ತ್ರಚಿಕಿತ್ಸೆಯಾಯಿತು. ಮರು ತಿಂಗಳೇ ಬೆಂಗಳೂರಿಗೆ ಮರಳಿದ ಅವರು ಮತ್ತೆ ಕ್ಯಾಮೆರಾ ಮುಂದೆ ನಿಂತದ್ದನ್ನು ನಾಡೆಲ್ಲ ಕಣ್ತುಂಬಿ ನೋಡಿತು. ಇಬ್ಬರ ಧೈರ್ಯವೂ ದೊಡ್ಡದು. ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಂಡು ಅವರು ಮಾಡಿದ ಉಪಕಾರ ಇನ್ನೂ ದೊಡ್ಡದು. ಆದರೆ ಆ ಕಥೆಗಳಿಂದ ನಾವು ಕಲಿತ ಪಾಠ ತಪ್ಪು. ‘ಮನಸ್ಸು ಮಾಡಿದರೆ ಯಾರು ಬೇಕಾದರೂ ಮರಳಬಹುದು’ ಎಂದು ಸಾರಿದೆವು. ತಾರೆಯ ಚಿಕಿತ್ಸೆಗೆ ತಕ್ಕಂತೆ ಚಿತ್ರೀಕರಣದ ದಿನಗಳು ಬದಲಾಗುತ್ತವೆ, ಆಟಗಾರನ ಚೇತರಿಕೆಗೆ ತರಬೇತುದಾರರು, ವೈದ್ಯರು ಜೊತೆಗಿರುತ್ತಾರೆ. ಅಂದರೆ ಅವರಿಗೆ ಕೆಲಸವೇ ಹೊಂದಿಕೊಂಡು ಕಾದು ನಿಂತಿತು. ಆ ಹೊಂದಾಣಿಕೆಯನ್ನು ಎಲ್ಲರಿಗೂ ಕೊಡಿ ಎಂದು ಕೇಳಬೇಕಾದಲ್ಲಿ, ಹೊಂದಾಣಿಕೆ ಸಿಗದೆ ಸೋತವರಲ್ಲಿ ಧೈರ್ಯವಿರಲಿಲ್ಲ ಎಂಬ ತೀರ್ಪು ಕೊಟ್ಟುಬಿಟ್ಟೆವು. ಬಾತ ತೋಳಿಗೆ ಆತ್ಮಬಲದ ಕೊರತೆಯೆಂದು ಹೆಸರಿಡುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಇನ್ನು ಕಾನೂನು. ಬ್ರಿಟನ್‌ನ 2010ರ ಸಮಾನತಾ ಕಾಯ್ದೆಯಲ್ಲಿ ಕ್ಯಾನ್ಸರ್ ಪತ್ತೆಯಾದ ದಿನದಿಂದಲೇ ಆ ವ್ಯಕ್ತಿಗೆ ಅಂಗವಿಕಲರಿಗಿರುವ ರಕ್ಷಣೆ ದೊರೆಯುತ್ತದೆ. ಆತನ ಕೆಲಸವನ್ನು ಹೊಂದಿಸಿಕೊಡುವುದು ಮಾಲೀಕನ ಕರ್ತವ್ಯ. ಇಟಲಿ 2023ರ ಡಿಸೆಂಬರ್‌ನಲ್ಲಿ ಮಾಡಿದ ಕಾನೂನಿನಂತೆ, ಚಿಕಿತ್ಸೆ ಮುಗಿದು ಕಾಯಿಲೆ ಮರುಕಳಿಸದೆ ಹತ್ತು ವರ್ಷ ಕಳೆದವರನ್ನು, ಇಪ್ಪತ್ತೊಂದು ವಯಸ್ಸಿನೊಳಗೆ ಕಾಯಿಲೆ ಬಂದಿದ್ದರೆ ಐದೇ ವರ್ಷ ಕಳೆದವರನ್ನು, ಸಾಲ, ವಿಮೆ, ದತ್ತು, ನೌಕರಿ ಯಾವುದರಲ್ಲೂ ಹಳೆಯ ಕ್ಯಾನ್ಸರ್ ಬಗ್ಗೆ ಕೇಳುವಂತಿಲ್ಲ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಸ್ಥಿತಿಗಳನ್ನು ಪಟ್ಟಿ ಮಾಡಿತು. ಹಿಮೋಫಿಲಿಯಾ, ಥಲಸೇಮಿಯಾ, ಪಾರ್ಕಿನ್ಸನ್ಸ್ ಎಲ್ಲ ಸೇರಿದವು, ಸೇರಬೇಕಾದವೇ. ಕ್ಯಾನ್ಸರ್ ಸೇರಲಿಲ್ಲ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಅಲ್ಲಿ ಜಾಗವಿದೆ. ಕೀಮೊದಿಂದ ಹೃದಯ ದುರ್ಬಲವಾದವರಿಗೆ, ಸುಸ್ತಿನಿಂದ ಅರ್ಧ ದಿನವಷ್ಟೇ ದುಡಿಯಬಲ್ಲವರಿಗೆ ಇಲ್ಲ.

ನಮ್ಮ ಸಂಸತ್ತಿಗೆ ಇಂಥ ಕಾನೂನು ಬರೆಯಲು ಬಾರದೆಂದಲ್ಲ. ಎಚ್‌ಐವಿ ಸೋಂಕಿತರಿಗಾಗಿ 2017ರಲ್ಲಿ ಬರೆಯಿತು. ಸೋಂಕಿನ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ, ಕೆಲಸ ಕೊಡುವ ಮೊದಲು ಆ ಪರೀಕ್ಷೆ ಕಡ್ಡಾಯ ಮಾಡುವಂತಿಲ್ಲ ಎಂದು ಅದರಲ್ಲಿದೆ. ಕ್ಯಾನ್ಸರ್ ದಾಟಿ ಬಂದವರಿಗೆ ಅಂಥದ್ದೊಂದು ಕಾಯ್ದೆ ಇಲ್ಲ. ದಶಕಗಟ್ಟಲೆ ಕಾರ್ಮಿಕರನ್ನು ಆಳಿದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೂ ‘ಮುಂದುವರಿದ ಅನಾರೋಗ್ಯ’ದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದನ್ನು ಉದ್ಯೋಗ ಕಡಿತವೆಂದು ಪರಿಗಣಿಸದೆ, ಕಡಿತಕ್ಕೆ ಸಿಗಬೇಕಾದ ಪರಿಹಾರದ ಹೊರಗಿಟ್ಟಿತ್ತು. ಕಾಯಿಲೆ ಬಿದ್ದವರನ್ನು ಬಿಡಿಸಬಹುದು ಎಂಬ ಆಲೋಚನೆ ನಮ್ಮ ಕಾರ್ಖಾನೆ, ಕಚೇರಿಗಳ ರಕ್ತದಲ್ಲಿ ಹಾಗೆ ಇಳಿದಿದೆ.

ಕಾನೂನಿಲ್ಲದ ಕಡೆ ಉಳಿಯುವುದು ಕನಿಕರ. ಒಳ್ಳೆಯ ಮ್ಯಾನೇಜರ್ ಇದ್ದರೆ ಮನೆಯಿಂದಲೇ ಕೆಲಸ, ಚೆಕಪ್‌ಗೆ ರಜೆ. ಅವರು ವರ್ಗವಾಗಿ ಹೊಸಬರು ಬಂದರೆ ಎಲ್ಲ ಮೊದಲಿಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ರೋಗ ಬಿಟ್ಟರೂ ಕಚೇರಿ ಬಿಡುವುದಿಲ್ಲ. ಹೀಗಾಗಿ ಜನ ಮುಚ್ಚಿಡುತ್ತಾರೆ. ಅರ್ಜಿಯಲ್ಲಿ ಎರಡು ವರ್ಷದ ಖಾಲಿ ಜಾಗಕ್ಕೆ ಸುಳ್ಳು ಕಾರಣ ಹುಡುಕುತ್ತಾರೆ. ರಜೆ ಕೇಳಿದರೆ ಗುಟ್ಟು ರಟ್ಟಾದೀತೆಂದು ಆರು ತಿಂಗಳ ಫಾಲೋಅಪ್ ತಪ್ಪಿಸುತ್ತಾರೆ. ಕೆಲಸ ಹೋದರೆ ಅದರೊಂದಿಗೆ ಕಂಪನಿಯ ಗುಂಪು ವಿಮೆಯೂ ಹೋಗಿ ಸ್ಕ್ಯಾನಿಂಗ್‌ಗೆ ದುಡ್ಡಿಲ್ಲದಂತಾಗುತ್ತದೆ. ಸಮಯಕ್ಕೆ ಸಿಕ್ಕಿದ್ದರೆ ಗುಣವಾಗುತ್ತಿದ್ದ ಮರುಕಳಿಕೆ, ಎಕೋ ಮಾಡಿಸಿದ್ದರೆ ಕಾಣುತ್ತಿದ್ದ ಹೃದಯದ ತೊಂದರೆ ಹೀಗೆ ಕೈತಪ್ಪಿ ಹೋಗುತ್ತವೆ. ಉದ್ಯೋಗದ ಅಭದ್ರತೆ ಇಲ್ಲಿ ನೇರವಾಗಿ ಜೀವ ತಿನ್ನುತ್ತದೆ. ‘ಕೆಲಸಕ್ಕಿಂತ ಜೀವ ಮುಖ್ಯ’ ಎನ್ನುವವರಿಗೆ ಇವೆರಡೂ ಬೇರೆ ಬೇರೆಯಲ್ಲ ಎಂದು ಯಾವಾಗ ಅರ್ಥವಾಗುತ್ತದೆ?

ಇದಿಷ್ಟೂ ಹಾಜರಿ ಪುಸ್ತಕದಲ್ಲಿ ಹೆಸರಿರುವವರ ಮಾತಾಯಿತು. ಕೂಲಿಗೆ ಹೋಗುವವರು, ಬೀಡಿ ಕಟ್ಟುವವರು, ಮನೆಗೆಲಸದವರು, ಆಟೊ ಓಡಿಸುವವರಿಗೆ ‘ಮನೇಲಿರಿ’ ಎಂದು ಹೇಳುವವರೂ ಇಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಕಳೆದುಹೋದ ಕೂಲಿ ಅದರಲ್ಲಿಲ್ಲ. ರಾಯಚೂರಿನಿಂದ ಬೆಂಗಳೂರಿಗೆ ಚೆಕಪ್‌ಗೆ ಬಂದರೆ ರೋಗಿಯ ಜೊತೆ ಬಂದವರ ಕೂಲಿಯೂ ಹೋಯಿತು. ಅದಕ್ಕೇ ಅವರು ಗಾಯ ಮಾಗುವ ಮುನ್ನ ಹೊಲಕ್ಕಿಳಿಯುತ್ತಾರೆ, ಮುಂದಿನ ಚೆಕಪ್ಪಿಗೆ ಬರುವುದಿಲ್ಲ. ಒಂದು ವರ್ಗವನ್ನು ಕೆಲಸದಿಂದ ಹೊರದಬ್ಬುತ್ತಿದ್ದೇವೆ, ಇನ್ನೊಂದನ್ನು ಕಾಯಿಲೆಯ ಮೈಯಲ್ಲೇ ಕೆಲಸಕ್ಕೆ ಎಳೆಯುತ್ತಿದ್ದೇವೆ. ಎರಡೂ ಕಡೆ ಆ ಮನುಷ್ಯರಿಗೆ ಏನು ಬೇಕೆಂದು ಕೇಳಿದವರಿಲ್ಲ.

ದಾರಿ ತಿಳಿಯದೆ ಹೀಗಾಗಿಲ್ಲ. ಸ್ವತಃ ಕ್ಯಾನ್ಸರ್ ದಾಟಿದ್ದ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್ 1985ರಲ್ಲೇ, ಚಿಕಿತ್ಸೆಯ ನಂತರದ ಬದುಕಿಗೆ ಅದರದೇ ಹಂತಗಳಿವೆ, ನೌಕರಿ ಮತ್ತು ವಿಮೆಯ ತೊಡಕುಗಳೂ ಅದರ ಭಾಗ ಎಂದು ಬರೆದಿದ್ದರು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಲ್ಯದಲ್ಲಿ ಕ್ಯಾನ್ಸರ್ ಗುಣವಾದವರನ್ನು ವರ್ಷಾನುಗಟ್ಟಲೆ ನೋಡಿಕೊಳ್ಳಲೆಂದೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಮೂರು ದಶಕದ ಹಿಂದೆ ಮುಂಬೈಯಲ್ಲಿ ಸಾಧ್ಯವಾದದ್ದು, ದೊಡ್ಡವರಿಗೂ ಸೇರಿಸಿ, ಕಿದ್ವಾಯಿಯಲ್ಲಿ, ಅದರ ಕಲಬುರಗಿ ಕೇಂದ್ರದಲ್ಲಿ, ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಏಕೆ ಸಾಧ್ಯವಾಗಬಾರದು?

ಕರ್ನಾಟಕ ಸರ್ಕಾರಕ್ಕೆ ನೆಪಗಳಿಲ್ಲ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. 2025ರಲ್ಲಿ ಇದೇ ಸರ್ಕಾರ ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದಿತು, ಖಾಸಗಿ ವಲಯವನ್ನೂ ಸೇರಿಸಿ ತಿಂಗಳಿಗೊಂದು ದಿನದ ಋತುಚಕ್ರ ರಜೆಗೆ ಸಚಿವ ಸಂಪುಟದಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ, ಗುಣವಾಗುವ ಭರವಸೆಯಿಲ್ಲದ ರೋಗಿಗಳು ಘನತೆಯಿಂದ ಸಾಯುವ ಹಕ್ಕಿಗಾಗಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಆದೇಶ ಹೊರಡಿಸಿತು. ಘನತೆಯ ಸಾವಿಗೆ ಆದೇಶ ಬರೆಯಬಲ್ಲ ಸರ್ಕಾರಕ್ಕೆ, ಗುಣವಾದವರು ಘನತೆಯಿಂದ ದುಡಿದು ಬದುಕಲು ನಾಲ್ಕು ಸಾಲು ಬರೆಯಲಾಗದೇ?

ಆ ಸಾಲುಗಳು ಇವು. ಕ್ಯಾನ್ಸರ್ ಬಂದಿತ್ತೆಂಬ ಕಾರಣಕ್ಕೆ ಕೆಲಸ ನಿರಾಕರಿಸುವುದು, ಬಿಡಿಸುವುದು, ಬಡ್ತಿ ತಡೆಯುವುದು ಅಪರಾಧವಾಗಬೇಕು. ಸಂದರ್ಶನದಲ್ಲಿ ಹಳೆಯ ಕ್ಯಾನ್ಸರ್ ಬಗ್ಗೆ ಕೇಳುವಂತಿರಬಾರದು. ಮೊದಲ ತಿಂಗಳುಗಳಲ್ಲಿ ಅರ್ಧ ದಿನ, ಆಮೇಲೆ ಪೂರ್ತಿ ದಿನ ಎಂಬಂತೆ ಹಂತಹಂತವಾಗಿ ಮರಳುವುದು, ಹಗುರ ಕೆಲಸಕ್ಕೆ ಬದಲಾಗುವುದು, ಫಾಲೋಅಪ್‌ಗೆ ಸಂಬಳ ಸಹಿತ ರಜೆ, ಇವು ಕೇಳಿ ಪಡೆಯುವ ಹಕ್ಕುಗಳಾಗಬೇಕು. ಕೂಲಿಯವರಿಗೆ ಚಿಕಿತ್ಸೆಯ ಮತ್ತು ಚೆಕಪ್ಪಿನ ದಿನಗಳ ಕೂಲಿಯನ್ನು ಸರ್ಕಾರ ಕೊಡಬೇಕು. ಇನ್ನು ದುಡಿಯಲಾಗದು ಎನ್ನುವವರಿಗೆ ಬದುಕಲು ಸಾಕಾಗುವ ಪಿಂಚಣಿ ಬೇಕು. ಆದರೆ ಆಗುತ್ತದೋ ಇಲ್ಲವೋ ಎಂಬುದನ್ನು ಹೇಳಬೇಕಾದವರು ಅವರು ಮತ್ತು ಅವರ ಡಾಕ್ಟರು, ಎಚ್‌ಆರ್ ಅಲ್ಲ, ನೆಂಟರೂ ಅಲ್ಲ.

ಕಾರ್ಮಿಕ ಸಚಿವರು ಇದನ್ನು ಮಸೂದೆಯಾಗಿ ಮುಂದಿನ ಅಧಿವೇಶನಕ್ಕೆ ತರಲಿ. ಕಾರ್ಮಿಕ ಸಂಘಟನೆಗಳು ತಮ್ಮ ಬೇಡಿಕೆ ಪಟ್ಟಿಯಲ್ಲಿ ಇದನ್ನು ಬೋನಸ್ಸಿನ ಪಕ್ಕದಲ್ಲೇ ಬರೆಯಲಿ. ಇದನ್ನು ಓದುತ್ತಿರುವವರಲ್ಲಿ ಯಾರ ಕೈಕೆಳಗಾದರೂ ಚಿಕಿತ್ಸೆ ಮುಗಿಸಿದ ನೌಕರರಿದ್ದರೆ, ಕಾನೂನು ಬರುವವರೆಗೆ ಕಾಯಬೇಡಿ: ಅವರನ್ನು ಕರೆದು ಏನು ಬೇಕೆಂದು ಕೇಳಿ, ಒಪ್ಪಿದ್ದನ್ನು ಬರಹದಲ್ಲಿ ಕೊಡಿ, ಅವರ ಕುರ್ಚಿಯನ್ನು ಇನ್ನೊಬ್ಬರಿಗೆ ಕೊಡಬೇಡಿ.